ಬರೀ ‘ರನ್’ ಸಾಕಾ? ಓಟಕ್ಕೆ ತಕ್ಕ ಇಂಗ್ಲಿಷ್ ಪದ ಆರಿಸುವುದು ಹೇಗೆ

ಇಲಿ ಓಡುತ್ತದೆ, ಕುದುರೆ ಓಡುತ್ತದೆ, ಕಳ್ಳನೂ ಓಡುತ್ತಾನೆ. ಮೂರೂ ಒಂದೇ ಥರದ ಓಟವಲ್ಲ, ಅಲ್ವಾ? ಕನ್ನಡದಲ್ಲಿ ಇದನ್ನು ಹೇಳುವುದು ನಮಗೆ ಸಲೀಸು. ಇಲಿ ಗುಡುಗುಡು ಓಡಿತು, ಕುದುರೆ ನಾಗಾಲೋಟದಲ್ಲಿ ಓಡಿತು, ಕಳ್ಳ ಕಾಲಿಗೆ ಬುದ್ಧಿ ಹೇಳಿದ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮಾತ್ರ ಮೂರಕ್ಕೂ ‘ರನ್’ ಒಂದೇ ನೆನಪಾಗುತ್ತದೆ. ಜಾಸ್ತಿ ಅಂದರೆ ಪಕ್ಕದಲ್ಲಿ ಒಂದು ‘ವೆರಿ ಫಾಸ್ಟ್’ ಸೇರಿಸುತ್ತೇವೆ. ಅದು ತಪ್ಪಲ್ಲ. ಆದರೆ ಓದುವವರ ಕಣ್ಣ ಮುಂದೆ ಚಿತ್ರ ಮೂಡುವುದಿಲ್ಲ.

ಕನ್ನಡದಲ್ಲಿ ಓಟದ ಬಣ್ಣ ಇರುವುದು ಕ್ರಿಯಾಪದದ ಹಿಂದಿನ ಪದದಲ್ಲಿ. ಸರ್ರನೆ, ದಡದಡ, ಚಂಗನೆ ಮುಂತಾದ ಇವನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿರುತ್ತೇವೆ. ಇಂಗ್ಲಿಷ್ ಅದೇ ಬಣ್ಣವನ್ನು ಹೆಚ್ಚಾಗಿ ಕ್ರಿಯಾಪದದೊಳಗೇ ಇಟ್ಟುಕೊಂಡಿರುತ್ತದೆ. ಇದು ಗೊತ್ತಾದರೆ ಪದ ಹುಡುಕುವುದು ಸುಲಭ.

ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ

‘ಓಡಿದ’ ಎಂಬುದರ ಹಿಂದೆ ನಿಮ್ಮ ಬಾಯಿಗೆ ತಾನಾಗಿ ಯಾವ ಪದ ಬರುತ್ತದೆ ನೋಡಿ. ಅದೇ ನಿಮಗೆ ದಾರಿ ತೋರಿಸುತ್ತದೆ.

ಗುಡುಗುಡು ಎಂದರೆ ‘ಸ್ಕರಿ’. ಪುಟ್ಟ ಪುಟ್ಟ ಹೆಜ್ಜೆ, ಸ್ವಲ್ಪ ಗಾಬರಿ. ಇಲಿ, ಇರುವೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಅಂಥದೇ ಹೆಜ್ಜೆಯಲ್ಲಿ ಆಟದ ಖುಷಿ ಇದ್ದರೆ ‘ಸ್ಕ್ಯಾಂಪರ್’. ನಾಯಿಮರಿ, ಮಕ್ಕಳು ಓಡುವುದು ಹಾಗೆ.

ಸರಕ್ಕನೆ ಎಂದರೆ ‘ಡಾರ್ಟ್’. ಡಾರ್ಟ್ ಅಂದರೆ ಕೈಯಿಂದ ಎಸೆಯುವ ಸಣ್ಣ ಬಾಣ. ಆ ಬಾಣದಂತೆ ಚುರುಕಾಗಿ, ಹಠಾತ್ತಾಗಿ, ಸ್ವಲ್ಪ ದೂರ ಮಾತ್ರ ಚಲಿಸುವುದಕ್ಕೆ ಈ ಮಾತು. ಮೀನು, ಹಲ್ಲಿ, ಅತ್ತಿತ್ತ ಹೊರಳುವ ಕಣ್ಣು, ಎಲ್ಲದಕ್ಕೂ ಇದು ಸಲ್ಲುತ್ತದೆ.

‘ಬೋಲ್ಟ್’ ಕೂಡ ಬಾಣವೇ. ಅಡ್ಡಬಿಲ್ಲಿಗೆ ಹೂಡುತ್ತಿದ್ದ ಗಿಡ್ಡ, ದಪ್ಪ ಬಾಣ. ನಿಂತಲ್ಲೇ ನಿಂತಿದ್ದ ಕುದುರೆ ಬೆಚ್ಚಿ ಒಮ್ಮೆಲೇ ಕಿತ್ತುಕೊಂಡು ಓಡಿದರೆ ‘ದ ಹಾರ್ಸ್ ಬೋಲ್ಟೆಡ್’. ಬಾಗಿಲ ಚಿಲಕದ ಬೋಲ್ಟಿಗೂ ಮೂಲ ಅದೇ ಪದ. ಒಂದೇ ಪದ ಒಂದು ಕಡೆ ಓಡಿಸುತ್ತದೆ, ಇನ್ನೊಂದು ಕಡೆ ಭದ್ರವಾಗಿ ಹಿಡಿದಿಡುತ್ತದೆ. ನನಗೆ ಬಹಳ ಇಷ್ಟದ ಪದ ಇದು.

ಲಂಗುಲಗಾಮಿಲ್ಲದೆ ನುಗ್ಗಿದರೆ ‘ಹರ್ಟಲ್’. ಬ್ರೇಕ್ ಫೇಲಾದ ಲಾರಿ, ಬೆಟ್ಟದಿಂದ ಉರುಳಿದ ಬಂಡೆ ಬರುವುದು ಹಾಗೆ. ಎದ್ದೆನೋ ಬಿದ್ದೆನೋ ಎಂದು ಓಡಿದರೆ ‘ಟೇರ್’. ಕಾಗದ ಹರಿಯುವುದಕ್ಕೂ ಇದೇ ಪದ. ಭೂತಕಾಲದಲ್ಲಿ ‘ಟೋರ್’ ಆಗುತ್ತದೆ.

ಆಮೇಲೆ, ಯಾಕೆ ಓಡಿದ್ದು ಎಂದು ಕೇಳಿ

ಸಮಯ ಕಡಿಮೆ ಇದೆ ಅಂತಾದರೆ ‘ಹರಿ’. ಇದಕ್ಕೆ ಓಡಲೇಬೇಕು ಅಂತಿಲ್ಲ. ಕೂತಲ್ಲೇ ಲಗುಬಗೆಯಿಂದ ಕೆಲಸ ಮುಗಿಸುವುದೂ ಹರಿಯೇ. ‘ರಶ್’ನಲ್ಲಿ ಅದಕ್ಕಿಂತ ಗಡಿಬಿಡಿ ಜಾಸ್ತಿ. ‘ಡೋಂಟ್ ರಶ್ ಮಿ’ ಎಂದರೆ ನನ್ನನ್ನು ಅವಸರ ಮಾಡಬೇಡಿ ಎಂದು. ಗಾಯಗೊಂಡವರನ್ನು ತುರ್ತಾಗಿ ಆಸ್ಪತ್ರೆಗೆ ಸೇರಿಸಿದಾಗಲೂ ಇದೇ ಪದ: ‘ದೇ ರಶ್ಡ್ ಹಿಮ್ ಟು ಹಾಸ್ಪಿಟಲ್’.

ಇಲ್ಲಿ ಒಂದು ಎಚ್ಚರ. ನಮ್ಮ ಮಾತಿನಲ್ಲಿ ರಶ್ ಅಂದರೆ ಜನಜಂಗುಳಿ. ‘ಬಸ್ಸು ರಶ್ ಇದೆ’ ಎನ್ನುತ್ತೇವಲ್ಲ, ಅದನ್ನು ಹಾಗೇ ‘ದ ಬಸ್ ಈಸ್ ರಶ್’ ಎಂದು ಬರೆಯಬೇಡಿ. ಅಲ್ಲಿ ಬೇಕಾದ್ದು ‘ಕ್ರೌಡೆಡ್’. ಡ್ಯಾಶ್ ವಿಷಯವೂ ಅಷ್ಟೇ. ನಮಗೆ ಡ್ಯಾಶ್ ಹೊಡೆಯುವುದೆಂದರೆ ಗುದ್ದುವುದು. ಇಂಗ್ಲಿಷಿನಲ್ಲಿ ‘ಶಿ ಡ್ಯಾಶ್ಡ್ ಟು ದ ಬಸ್’ ಎಂದರೆ ಅವಳು ಬಸ್ಸಿಗೆ ಗುದ್ದಿದಳು ಎಂದಲ್ಲ, ಬಸ್ಸಿನ ಕಡೆ ಓಡಿದಳು ಎಂದು. ಡ್ಯಾಶ್ ಅಂದರೆ ಅವಸರದ ಚಿಕ್ಕ ಓಟ. ಅಪಘಾತದ ಸುದ್ದಿ ಬರೆಯುವಾಗ ‘ಹಿಟ್’ ಅಥವಾ ‘ಕೊಲೈಡ್’ ಬಳಸಿ.

ಅಪಾಯದಿಂದ ತಪ್ಪಿಸಿಕೊಂಡರೆ ‘ಫ್ಲೀ’. ಭೂತಕಾಲ ‘ಫ್ಲೆಡ್’. ಇದನ್ನು ಹಾರುವ ‘ಫ್ಲೈ’, ‘ಫ್ಲೂ’ ಜತೆ ಕಲಸಬೇಡಿ. ‘ದೇ ಫ್ಲೆಡ್ ದ ಕಂಟ್ರಿ’ ಎಂದರೆ ದೇಶ ಬಿಟ್ಟು ಓಡಿಹೋದರು. ನಡುವೆ ‘ಫ್ರಮ್’ ಬೇಕಿಲ್ಲ.

ಪೂರ್ತಿ ಶಕ್ತಿ ಹಾಕಿ ಸ್ವಲ್ಪ ದೂರ ಓಡಿದರೆ ‘ಸ್ಪ್ರಿಂಟ್’. ಕ್ರೀಡೆಯಲ್ಲಿ 100, 200, 400 ಮೀಟರ್ ಓಟಗಳಿಗೆ ಈ ಹೆಸರು. 42.195 ಕಿ.ಮೀ. ಮ್ಯಾರಥಾನನ್ನು ಯಾರೂ ಪೂರ್ತಿ ಸ್ಪ್ರಿಂಟ್ ಮಾಡುವುದಿಲ್ಲ. ಗುರಿ ಕಾಣುವಾಗಿನ ಕೊನೆಯ ಓಟವನ್ನು ಹಾಗೆನ್ನಬಹುದು.

ಒಳಗೆ, ಹೊರಗೆ, ದಾಟಿ

ಹೆಚ್ಚು ಜನ ಎಡವುವುದು ಇಲ್ಲೇ. ‘ಓಡಿ ಒಳಗೆ ಹೋದ’ ಎನ್ನುವಾಗ ಕನ್ನಡಕ್ಕೆ ಎರಡು ಕ್ರಿಯೆ ಬೇಕು. ಅದೇ ಅಚ್ಚಿನಲ್ಲಿ ‘ಹಿ ವೆಂಟ್ ಇನ್‌ಸೈಡ್ ಬೈ ರನ್ನಿಂಗ್’ ಎಂದು ಬರೆದುಬಿಡುತ್ತೇವೆ. ಇಂಗ್ಲಿಷಿಗೆ ಒಂದೇ ಕ್ರಿಯಾಪದ ಸಾಕು, ‘ಹೋದ’ ಎಂಬ ಕೆಲಸವನ್ನು ಪಕ್ಕದ ಸಣ್ಣ ಪದ ಮಾಡುತ್ತದೆ: ‘ಹಿ ರ‍್ಯಾನ್ ಇಂಟು ದ ರೂಮ್’. ಹೊರಗೆ ಓಡಿಬಂದರೆ ‘ಔಟ್ ಆಫ್’, ರಸ್ತೆ ದಾಟಿ ಓಡಿದರೆ ‘ಅಕ್ರಾಸ್’, ಪಕ್ಕದಲ್ಲೇ ಹಾದುಹೋದರೆ ‘ಪಾಸ್ಟ್’.

‘ರನ್ ಇಂಟು’ ಆದಮೇಲೆ ಮನುಷ್ಯರ ಹೆಸರು ಬಂದರೆ ಮಾತ್ರ ಅರ್ಥ ಬೇರೆ. ಆಗ ಅಕಸ್ಮಾತ್ ಎದುರಾದರು ಎಂದಾಗುತ್ತದೆ. ‘ರಶ್ ಅಟ್’ ಎಂದರೆ ಮೈಮೇಲೆ ಏರಿಹೋಗುವುದು.

ಹೊಸ ಪದ ಕಲಿತೆವೆಂದು ಪ್ರತಿ ವಾಕ್ಯಕ್ಕೂ ಹರ್ಟಲ್, ಡಾರ್ಟ್ ತುರುಕಬೇಡಿ. ಸುಮ್ನೆ ಓಡಿದ್ದಕ್ಕೆ ‘ರನ್’ ಸಾಕು. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಆ ಕ್ರಿಯಾಪದ ಒಂದಕ್ಕೇ 600ಕ್ಕೂ ಹೆಚ್ಚು ಅರ್ಥಗಳಿವೆ, ಅಷ್ಟು ಗಟ್ಟಿ ಪದ ಅದು.

ಈಗ ಒಂದು ವಾಕ್ಯ ಮಾಡಿ ನೋಡೋಣ. ‘ನಾಯಿ ಬೊಗಳಿದ್ದೇ ತಡ, ಬೆಕ್ಕು ಸರಕ್ಕನೆ ಗೇಟಿನಡಿ ನುಸುಳಿ ಹೋಯಿತು.’ ಸರಕ್ಕನೆ ಇದೆ, ಹಾಗಾಗಿ ಡಾರ್ಟ್. ನುಸುಳಿ ಹೋಗಿದ್ದು ಅಡಿಯಲ್ಲಿ, ಹಾಗಾಗಿ ‘ಅಂಡರ್’. ‘ದ ಕ್ಯಾಟ್ ಡಾರ್ಟೆಡ್ ಅಂಡರ್ ದ ಗೇಟ್.’ ನಾಯಿಯ ಭಾಗವನ್ನು ನೀವೇ ಬರೆದು ಸೇರಿಸಿ.