ಹಳೆಯ ಪತ್ತೇದಾರಿ ಕಾದಂಬರಿ, ಮೈದಾ ಅಂಟು ಮತ್ತು ಬೆಳಗಿನ ಪತ್ರಿಕೆ

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಆರಂಭಿಸಿದ ಮೇಲೆ ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದೆ. ಮೂರು ದಶಕ ನಕಾಶೆಯ ಮುಂದೆ ನಿಂತು ದೇಶಗಳನ್ನು ತೋರಿಸಿದವಳಿಗೆ ಅಲ್ಲಿ ಏನಾಗುತ್ತಿದೆ ಎಂಬುದನ್ನು ನೋಡದೆ ಇರಲು ಆಗುತ್ತಿರಲಿಲ್ಲ. ಟಿ.ವಿ.ಯಲ್ಲಿ ಒಂದೇ ಸ್ಫೋಟದ ದೃಶ್ಯವನ್ನು ರಾತ್ರಿಯೆಲ್ಲ ತೋರಿಸುತ್ತಿದ್ದರು, ನಾನೂ ರಾತ್ರಿಯೆಲ್ಲ ನೋಡುತ್ತಿದ್ದೆ. ಮಾರ್ಚ್ 1ರಂದು ಖಾರ್ಕೀವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಿನಸಿ ತರಲು ಹೋಗಿ ಸರದಿಯಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂತು. ಆ ವಯಸ್ಸಿನ ಎಷ್ಟೋ ಮಕ್ಕಳು ನನ್ನ ಕೈಯಲ್ಲಿ ಕಲಿತು ಹೋಗಿದ್ದಾರೆ. ಆ ಸಂಜೆ ನಾನು ಟಿ.ವಿ. ಆರಿಸಿದೆ, ಮರುದಿನ ಪತ್ರಿಕೆ ಹಾಕುವ ಹುಡುಗನಿಗೂ ಇನ್ನು ಬೇಡವೆಂದು ಹೇಳಿದೆ.

ಸುದ್ದಿಯನ್ನು ಬಿಟ್ಟರೆ ಕಳವಳವೂ ಬಿಟ್ಟುಹೋಗುತ್ತದೆ ಎಂದು ನಂಬಿದ್ದೆ. ಅದು ಸುಳ್ಳಾಯಿತು. ಯುದ್ಧವು ಕಿರಾಣಿ ಅಂಗಡಿಯ ಮೂಲಕ ಮನೆಗೆ ಬಂತು, ಏಕೆಂದರೆ ಭಾರತ ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್ ಮತ್ತು ರಷ್ಯಾಗಳಿಂದಲೇ ಬರುತ್ತಿತ್ತು. ಎಣ್ಣೆಯ ಬೆಲೆಗಿಂತ ಹೆಚ್ಚಾಗಿ ನನ್ನನ್ನು ಕುಗ್ಗಿಸಿದ್ದು ಬೇರೊಂದು ಸಂಗತಿ. ಏಪ್ರಿಲಿನಲ್ಲಿ ಒಂದು ದಿನ ಕಾಯಿಪಲ್ಲೆ ತರಲು ಹೋದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಭೇಟಿಯಾಗಿ, “ಅಕ್ಕೋರೆ, ಆ ಹುಡುಗನ ದೇಹಾ ದಾವಣಗೆರಿ ಕಾಲೇಜಿಗೆ ದಾನಾ ಕೊಟ್ಟರಲ್ರೀ, ಎಷ್ಟ ದೊಡ್ಡ ಮನಸ್ಸಿರಬೇಕ ಅವರದು” ಎಂದರು. ಮಾರ್ಚ್ 21ರಂದೇ ಪಾರ್ಥಿವ ಶರೀರ ಊರಿಗೆ ಬಂದಿತ್ತು, ವೈದ್ಯನಾಗಬೇಕಿದ್ದ ಮಗನ ದೇಹವನ್ನು ಮನೆಯವರು ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆಂದು ಕೊಟ್ಟಿದ್ದರು. ಸಾವಿನ ಸುದ್ದಿಯನ್ನು ಹತ್ತಾರು ಬಾರಿ ನೋಡಿದ್ದ ನನಗೆ ಇದು ಗೊತ್ತೇ ಇರಲಿಲ್ಲ. ಮರುದಿನದಿಂದ ಪತ್ರಿಕೆ ಮತ್ತೆ ತರಿಸಿಕೊಂಡೆ. ಆದರೆ ಹೇಗೆ ಓದಬೇಕು ಎಂಬುದು ತಿಳಿಯಲು ಇನ್ನೂ ಒಂದು ವರ್ಷ ಬೇಕಾಯಿತು, ಅದನ್ನು ತಿಳಿಸಿದ್ದು ನನ್ನ ಹವ್ಯಾಸ.

ಪತ್ತೇದಾರಿ ಕಾದಂಬರಿಗಳ ಹುಚ್ಚು ನನಗೆ ಶಾಲೆಯ ದಿನಗಳಿಂದ ಇದೆ. ಆಗ ಓಣಿಗೊಂದು ಬಾಡಿಗೆ ಪುಸ್ತಕದ ಅಂಗಡಿ ಇರುತ್ತಿತ್ತು. ದಿನದ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ತಂದ ಪುಸ್ತಕವನ್ನು ಮರುದಿನ ಬೆಳಿಗ್ಗೆ ಮರಳಿಸುವ ಹಟದಲ್ಲಿ ಒಂದೇ ರಾತ್ರಿಗೆ ಮುಗಿಸುತ್ತಿದ್ದೆವು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮಗೆ ನೆರೆಮನೆಯವನಷ್ಟು ಪರಿಚಿತನಾಗಿದ್ದ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಕನ್ನಡ ಓದುವ ಅಭ್ಯಾಸವನ್ನು ಲಕ್ಷಾಂತರ ಜನರಿಗೆ ಹಿಡಿಸಿದ ಇಂಥ ಪುಸ್ತಕಗಳನ್ನು ನಮ್ಮ ವಿದ್ವಾಂಸರು ಬಹಳ ಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ಮನಸ್ಸಿನಲ್ಲಿ ಉಳಿದಿರುವ ನೋವು. ಗ್ರಂಥಾಲಯಗಳು ಜೋಪಾನ ಮಾಡಲಿಲ್ಲ, ಅಂಗಡಿಗಳು ಮುಚ್ಚಿದವು, ಪುಸ್ತಕಗಳು ರದ್ದಿಗೆ ಹೋದವು. ನಿವೃತ್ತಿಯ ನಂತರ ನಾನು ರದ್ದಿ ಅಂಗಡಿಗಳಿಂದ ಅವನ್ನು ಆಯ್ದು ತಂದು ರಿಪೇರಿ ಮಾಡಲು ತೊಡಗಿದ್ದು ಈ ನೋವಿನಿಂದಲೇ.

ಕೆಲಸ ಕಲಿಸಿದವರು ನಮ್ಮ ಓಣಿಯಲ್ಲಿ ಶಾಲೆ ಕಾಲೇಜುಗಳ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು. ಈ ಕಾದಂಬರಿಗಳ ಮೊದಲ ಶತ್ರು ಬೆನ್ನಿಗೆ ಹೊಡೆದ ಕಬ್ಬಿಣದ ಪಿನ್ನು. ಅದು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ಕಂದು ಬಣ್ಣಕ್ಕೆ ತಿರುಗಿಸಿ ತಿಂದುಬಿಡುತ್ತದೆ. ಮೊಂಡ ಚಾಕುವಿನ ತುದಿಯಿಂದ ಪಿನ್ನಿನ ಕಾಲುಗಳನ್ನು ಮೆಲ್ಲಗೆ ಎತ್ತಿ ಹಿಂದಿನಿಂದ ಹೊರಗೆಳೆಯಬೇಕು, ಮುಂದಿನಿಂದ ಎಳೆದರೆ ಹಾಳೆ ಕೂಡ ಬರುತ್ತದೆ. ಆಮೇಲೆ ಒಣ ಬ್ರಷ್ಷಿನಿಂದ ಪುಟಪುಟವನ್ನೂ ಗುಡಿಸಬೇಕು. ಹರಿದಲ್ಲಿ ತೆಳ್ಳನೆಯ ಟಿಶ್ಯೂ ಕಾಗದವನ್ನು ಮೈದಾ ಅಂಟಿನಿಂದ ಕೂಡಿಸಬೇಕು. ಸೆಲ್ಲೋಟೇಪನ್ನು ಮಾತ್ರ ಹತ್ತಿರ ತರಬಾರದು, ಏಕೆಂದರೆ ಕೆಲವೇ ವರ್ಷಗಳಲ್ಲಿ ಅದರ ಪ್ಲಾಸ್ಟಿಕ್ ಕಳಚಿ ಬಿದ್ದು ಅಂಟು ಮಾತ್ರ ಹಳದಿ ಕಲೆಯಾಗಿ ಅಕ್ಷರಗಳ ಮೇಲೆ ನಿಂತುಬಿಡುತ್ತದೆ. ಕೊನೆಗೆ ದಬ್ಬಣದಿಂದ ತೂತು ಹಾಕಿ, ಮೇಣ ಸವರಿದ ಹತ್ತಿ ನೂಲಿನಿಂದ ಹೊಲಿದು, ರಟ್ಟು ಮತ್ತು ಕ್ಯಾಲಿಕೋ ಬಟ್ಟೆ ಹಚ್ಚಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಒರಳಿನ ಗುಂಡು ಹೇರಿ ರಾತ್ರಿಯಿಡೀ ಬಿಡಬೇಕು.

ಅಂಟು ಕಾಯಿಸುವುದು ನನಗೆ ಎಲ್ಲಕ್ಕಿಂತ ತಡವಾಗಿ ಒಲಿಯಿತು. ಒಂದು ಬಟ್ಟಲು ಮೈದಾಕ್ಕೆ ಐದು ಬಟ್ಟಲು ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯ ಮೇಲಿಟ್ಟು, ಕೈ ಬಿಡದೆ ತಿರುವಬೇಕು. ನಾನು ಅವಸರದಲ್ಲಿ ಉರಿ ಹೆಚ್ಚಿಸಿದ್ದನ್ನು ನೋಡಿ ಗುರುಗಳು, “ಇದನ್ನ ಕುದಿಸೂದಲ್ರೀ ಅಕ್ಕೋರೆ, ಬೇಯಿಸೂದು” ಎಂದು ತಿದ್ದಿದ್ದರು. ಹಿಟ್ಟಿನ ಬಿಳುಪು ಹೋಗಿ ಸಬ್ಬಕ್ಕಿ ಗಂಜಿಯ ಹಾಗೆ ಬೆಳಕು ಹಾಯುವಂತೆ ಕಂಡಾಗ ಇಳಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಬೇಕು. ಬೈಂಡಿಂಗ್ ಅಂಗಡಿಗಳಲ್ಲಿ ಹುಳ ಬಾರದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ಅದು ವಿಷ, ಮೊಮ್ಮಗಳು ಜೊತೆಗೆ ಕೂರುವ ಮನೆಯಲ್ಲಿ ನನಗೆ ಬೇಡವೆನಿಸಿತು. ಎರಡು ದಿನಕ್ಕೆ ಸಾಲುವಷ್ಟೇ ಅಂಟು ಕಾಯಿಸುತ್ತೇನೆ.

ಅಂಟು ಸವರುವಾಗ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸುವುದು ಪದ್ಧತಿ. 2023ರ ಬೇಸಿಗೆಯಲ್ಲಿ ಹಾಗೆ ಹಾಸಿದ ಹಾಳೆಯೊಂದರಲ್ಲಿ ತುರ್ಕಿಯ ಭೂಕಂಪದ ಚಿತ್ರವಿತ್ತು. ಫೆಬ್ರುವರಿ 6ರ ನಸುಕಿನಲ್ಲಿ 7.8ರ ತೀವ್ರತೆಯ ಕಂಪನ, ಅದೇ ಮಧ್ಯಾಹ್ನ ಇನ್ನೊಂದು, ತುರ್ಕಿ ಮತ್ತು ಸಿರಿಯಾಗಳಲ್ಲಿ ಸತ್ತವರು ಐವತ್ತು ಸಾವಿರಕ್ಕೂ ಹೆಚ್ಚು. ಆ ದಿನ ಆ ಚಿತ್ರ ನೋಡಿ ನಾನು ಅತ್ತಿದ್ದೆ. ಮೂರು ತಿಂಗಳಾದ ಮೇಲೆ ಬ್ರಷ್ಷು ಕೈಯಲ್ಲಿ ಹಿಡಿದು ಅದೇ ಚಿತ್ರದ ಮುಂದೆ ಕುಳಿತು, ಮುಂದೆ ಅಲ್ಲಿ ಏನಾಯಿತು ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರವಾಗಿ ಒಂದು ವಾಕ್ಯವೂ ಹೊಳೆಯಲಿಲ್ಲ. ನನ್ನ ಎದುರಿಗೆ ಬಿಚ್ಚಿಟ್ಟಿದ್ದ ಕಾದಂಬರಿಯಲ್ಲಿ ಒಬ್ಬನೇ ಒಬ್ಬ ಜಮೀನುದಾರ ಸತ್ತಿದ್ದ. ಅವನು ಹೇಗೆ ಸತ್ತ, ಕಾರಣವೇನು, ಯಾರಿಗೆ ಲಾಭ ಎಂಬುದು ಗೊತ್ತಾಗುವವರೆಗೆ ನೂರಿಪ್ಪತ್ತು ಪುಟಗಳ ಆ ಪುಟ್ಟ ಪುಸ್ತಕದಲ್ಲಿ ಯಾರೂ ಬೇರೆ ಕೆಲಸಕ್ಕೆ ಏಳುವುದಿಲ್ಲ. ಐವತ್ತು ಸಾವಿರ ಸಾವುಗಳ ಬಗ್ಗೆ ನಾನು ಅಷ್ಟನ್ನೂ ಕೇಳಿರಲಿಲ್ಲ.

ಅಂದೇ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದಿಟ್ಟೆ. ಒಮ್ಮೆಗೆ ಒಂದೇ ಸುದ್ದಿಯನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಳ್ಳುತ್ತೇನೆ. ಎಡ ಪುಟದಲ್ಲಿ ನಡೆದದ್ದು, ದಿನಾಂಕ, ಜಾಗ. ಬಲ ಪುಟದಲ್ಲಿ ಪತ್ತೇದಾರಿ ಕಾದಂಬರಿ ಓದುವವಳಾಗಿ ನಾನು ಕೇಳುವ ಪ್ರಶ್ನೆಗಳು: ಮೊದಲು ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು, ಎರಡು ಹೇಳಿಕೆಗಳು ಎಲ್ಲಿ ಕೂಡುವುದಿಲ್ಲ, ಮೊದಲೇ ಯಾರಿಗೆ ಗೊತ್ತಿತ್ತು. ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ, ಆ ಪುಟಕ್ಕೆ ಹೊಸದೇನಾದರೂ ಸೇರಿಸುವುದಿದೆಯೇ ಎಂದು ಹುಡುಕುತ್ತೇನೆ. ಉಳಿದ ಸುದ್ದಿಗಳನ್ನು ಬೆಳಗಿನ ಪತ್ರಿಕೆಯಲ್ಲಿ ಒಮ್ಮೆ ಓದಿ ಬಿಡುತ್ತೇನೆ. ಸಂಜೆ ಏಳರ ನಂತರ ಫೋನು ಅಡುಗೆಮನೆಯ ಕಪಾಟಿನಲ್ಲಿರುತ್ತದೆ.

ತುರ್ಕಿಯ ಪುಟ ನನ್ನ ಮೊದಲ ಪ್ರಕರಣ. ಬರೆಯುತ್ತಾ ಹೋದ ಹಾಗೆ ಭೂಕಂಪ ಎಂಬ ಒಂದೇ ಪದದ ಹಿಂದೆ ಎಷ್ಟು ಮಂದಿಯ ಕೈ ಇತ್ತೆಂಬುದು ಕಾಣತೊಡಗಿತು. 1999ರಲ್ಲಿ ಇಜ್ಮಿತ್ ಭಾಗದ ಭೂಕಂಪದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಮೇಲೆ ಅಲ್ಲಿ ಕಟ್ಟಡ ನಿಯಮಗಳನ್ನು ಬಿಗಿಗೊಳಿಸಿದ್ದರು. ಆದರೆ 2018ರಲ್ಲಿ, ನಿಯಮ ಮೀರಿ ಕಟ್ಟಿದ ಕಟ್ಟಡಗಳ ಮಾಲೀಕರು ಹಣ ಕಟ್ಟಿ ಸಕ್ರಮ ಮಾಡಿಸಿಕೊಳ್ಳಲು ಸರ್ಕಾರವೇ ಕ್ಷಮಾದಾನ ನೀಡಿತು. ಕುಸಿತದ ನಂತರ ಗುತ್ತಿಗೆದಾರರ ಬಂಧನಗಳಾದವು, ಒಬ್ಬಿಬ್ಬರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದರು. ಹತಾಯ್ ಪ್ರಾಂತದ ಎರ್ಜಿನ್ ಎಂಬ ಪಟ್ಟಣದಲ್ಲಿ ಕಟ್ಟಡಗಳು ಉರುಳಲಿಲ್ಲವೆಂಬ ವರದಿಯೂ ಬಂತು. ಅಕ್ರಮ ಕಟ್ಟಡಕ್ಕೆ ತಾವು ಅವಕಾಶ ಕೊಡಲಿಲ್ಲವೆಂದು ಅಲ್ಲಿನ ಮೇಯರ್ ಹೇಳಿದರು. ಅಲ್ಲಿನ ನೆಲ ಗಟ್ಟಿಯಾಗಿದ್ದದ್ದೂ ಕಾರಣವೆಂದು ತಜ್ಞರು ಹೇಳಿದರು. ಎರಡನ್ನೂ ಬಲ ಪುಟದಲ್ಲಿ ಬರೆದೆ, ಒಂದನ್ನು ಹೊಡೆದುಹಾಕಲು ನನ್ನ ಬಳಿ ಸಾಕ್ಷ್ಯವಿರಲಿಲ್ಲ.

ಆ ಪುಟ ತುಂಬುವ ಹೊತ್ತಿಗೆ ನನ್ನ ಕೈ ತಾನಾಗಿಯೇ ಇನ್ನೊಂದು ದಿನಾಂಕವನ್ನು ಬರೆಯಿತು. 2019ರ ಮಾರ್ಚ್ 19ರಂದು ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಹಾಡಹಗಲೇ ಕುಸಿದು 19 ಜನರು ಸತ್ತರು. ಅಲ್ಲಿ ಭೂಮಿ ನಡುಗಿರಲಿಲ್ಲ. ಕೆಳಗಿನ ಅಂಗಡಿಗಳಲ್ಲಿ ಜನರಿದ್ದರು, ಮೇಲೆ ಕೂಲಿಕಾರರಿದ್ದರು, ಅವಶೇಷಗಳಡಿಯಿಂದ ಜೀವಂತವಾಗಿ ಜನರನ್ನು ತೆಗೆಯುವ ಕೆಲಸ ದಿನಗಟ್ಟಲೆ ನಡೆಯಿತು. ಆ ವಾರ ಊರಿಗೆ ಊರೇ ಅದೇ ಮಾತಾಡಿತ್ತು. ನಾನು ತರಗತಿಯಲ್ಲಿ ಎರಡು ನಿಮಿಷ ಮೌನ ಆಚರಿಸಿ ಪಾಠ ಮುಂದುವರಿಸಿದ್ದೆ, ಆ ಕಟ್ಟಡ ಏಕೆ ಬಿತ್ತೆಂದು ಮಕ್ಕಳೊಂದಿಗೆ ಒಂದು ದಿನವೂ ಚರ್ಚಿಸಲಿಲ್ಲ. ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಅದು ನನ್ನ ಲೋಪ. ನಮ್ಮ ಮನೆಯಿರುವ ರಸ್ತೆಯಲ್ಲಿ ಈಗ ಯಾರಾದರೂ ಮಹಡಿಯ ಮೇಲೆ ಮಹಡಿ ಏರಿಸಿದರೆ, ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿಯಿದೆ ಎಂದು ನಾನು ವಿಚಾರಿಸುತ್ತೇನೆ. ಒಮ್ಮೆ ಮಾಹಿತಿ ಹಕ್ಕಿನಡಿ ಅರ್ಜಿಯನ್ನೂ ಹಾಕಿದ್ದೇನೆ.

ಎಲ್ಲ ಸುದ್ದಿಯೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ನಡೆಸಿದ ದಾಳಿ ಮತ್ತು ಅದರ ನಂತರ ಗಾಜಾದಲ್ಲಿ ನಡೆದ ಯುದ್ಧಕ್ಕೆ ತೆರೆದ ಪುಟದಲ್ಲಿ ನಾನು ಪ್ರಶ್ನೆಗಳನ್ನು ಬರೆಯುವ ವೇಗಕ್ಕಿಂತ ಸಾವಿನ ಸಂಖ್ಯೆಗಳನ್ನು ತಿದ್ದುವ ವೇಗವೇ ಹೆಚ್ಚಾಯಿತು. ಆ ಚಳಿಗಾಲದಲ್ಲಿ ಕೆಲವು ಶುಕ್ರವಾರ ನೋಟ್‌ಬುಕ್ ತೆರೆಯಲು ಕೈ ಬರಲಿಲ್ಲ, ಪುಸ್ತಕಗಳ ಪಿನ್ನು ಕೀಳುತ್ತಾ ಕುಳಿತೆ. ರಾತ್ರಿ ಅಗಾಥಾ ಕ್ರಿಸ್ಟಿಯವರ ಮೊದಲ ಕಾದಂಬರಿಯನ್ನು ಮತ್ತೆ ಹಿಡಿದೆ. ಅವರು ಅದನ್ನು ಬರೆದದ್ದು ಮೊದಲ ಮಹಾಯುದ್ಧದ ನಡುವೆ, ಊರಿನ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿ ಔಷಧಾಲಯದಲ್ಲಿ ಕೆಲಸಕ್ಕಿದ್ದಾಗ. ಪುಸ್ತಕವಾಗಿ ಬಂದದ್ದು 1920ರಲ್ಲಿ. ಅದರಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಪತ್ತೇದಾರ ಪಾಯಿರೋ, 1914ರಲ್ಲಿ ಜರ್ಮನಿ ಬೆಲ್ಜಿಯಂ ಮೇಲೆ ನುಗ್ಗಿದಾಗ ಇಂಗ್ಲೆಂಡಿಗೆ ಓಡಿ ಬಂದ ಎರಡೂವರೆ ಲಕ್ಷದಷ್ಟು ನಿರಾಶ್ರಿತರಲ್ಲಿ ಒಬ್ಬ. ಎಷ್ಟೋ ಸಲ ಓದಿದ ಪುಸ್ತಕ. ಮನೆ ಕಳೆದುಕೊಂಡು, ಪರರ ದಯೆಯಲ್ಲಿ, ಊರಿನ ಒಂದು ಮನೆಯಲ್ಲಿ ತನ್ನ ದೇಶದವರ ಜೊತೆ ಇಕ್ಕಟ್ಟಿನಲ್ಲಿ ಬದುಕುತ್ತಿರುವವನು ಅವನು ಎಂಬುದು ಆ ರಾತ್ರಿಯವರೆಗೆ ನನ್ನ ಮನಸ್ಸಿಗೆ ನಾಟಿರಲಿಲ್ಲ. ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್ ಕೂಡ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಬಂದ ವೈದ್ಯನಲ್ಲವೇ? ಸುದ್ದಿಯನ್ನು ಮರೆಯಲೆಂದು ನಾನು ಕೈಗೆತ್ತಿಕೊಳ್ಳುತ್ತಿದ್ದ ಪುಸ್ತಕಗಳ ಮೊದಲ ಪುಟಗಳಲ್ಲಿಯೇ ಆಯಾ ಕಾಲದ ಸುದ್ದಿ ಕುಳಿತಿತ್ತು. ಮುಂದಿನ ಶುಕ್ರವಾರ ಗಾಜಾದ ಪುಟದಲ್ಲಿ ಸಂಖ್ಯೆ ಬರೆಯುವುದನ್ನು ನಿಲ್ಲಿಸಿ, ವರದಿಗಳಲ್ಲಿ ಹೆಸರು ಮತ್ತು ಕಸುಬು ಸಮೇತ ಬಂದ ಒಬ್ಬೊಬ್ಬರನ್ನೇ ಬರೆಯತೊಡಗಿದೆ: ಶಿಕ್ಷಕಿ, ಬೇಕರಿಯವನು, ಆಂಬುಲೆನ್ಸ್ ಚಾಲಕ.

ಮೊದಲ ನೋಟ್‌ಬುಕ್ ಈ ನಡುವೆ ತುಂಬಿತು. ಅಂಗಡಿಯದ್ದಾದ್ದರಿಂದ ಅದಕ್ಕೆ ಪತ್ರಿಕೆಯ ತುಣುಕುಗಳ ಭಾರ ತಾಳಲಾಗಲಿಲ್ಲ. ಹೊಟ್ಟೆ ಉಬ್ಬಿ ಬೆನ್ನು ಬಿರಿಯಿತು. ಎರಡನೆಯದನ್ನು ನಾನೇ ಕಟ್ಟುತ್ತಿದ್ದೇನೆ. ತುಣುಕು ಅಂಟಿಸುವ ಪುಸ್ತಕಕ್ಕೆ ಹಾಳೆಗಳ ನಡುವೆ ಬೆರಳಗಲದ ಕಾಗದದ ಪಟ್ಟಿಗಳನ್ನು ಬೆನ್ನಿನಲ್ಲಿ ಸೇರಿಸಿ ಹೊಲಿಯಬೇಕು. ಮುಂದೆ ತುಣುಕುಗಳು ತುಂಬಿದಾಗ ಬೇಕಾಗುವ ದಪ್ಪವನ್ನು ಬೆನ್ನಿಗೆ ಮೊದಲೇ ಕೊಟ್ಟಿಡುವ ಉಪಾಯ ಅದು. ಪಟ್ಟಿಗಳನ್ನು ಕಾಗದದ ನಾರಿನ ದಿಕ್ಕಿಗೆ ಕತ್ತರಿಸಬೇಕು, ಅಡ್ಡ ಕತ್ತರಿಸಿದರೆ ಅಂಟು ತಾಗಿದ ಕೂಡಲೇ ಸೊಟ್ಟಗಾಗುತ್ತವೆ. ಸಾಮಾನ್ಯವಾಗಿ ಹಾಳೆಗೊಂದು ಪಟ್ಟಿ ಸಾಕು. ಮೊಮ್ಮಗಳು ಕತ್ತರಿಸಿ ಕೊಡುತ್ತಿದ್ದಾಳೆ, ನಾನು ಹಾಳೆಗೆ ಎರಡರಂತೆ ಹೊಲಿಯುತ್ತಿದ್ದೇನೆ.