ಮೋಡ ಕವಿದ ದಿನ ಗಿಡಕ್ಕೆ ಸಿಗುವ ಬೆಳಕು: ನನ್ನ ಲೆಕ್ಕ ಸರಿಹೋದದ್ದು ಹೀಗೆ

ಪೈರನೋಮೀಟರ್ (ಒಟ್ಟು ಬಿಸಿಲನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಅಳೆಯುವ ಸಾಧನ) ತೋರಿಸಿದ್ದರಿಂದ ಗಿಡಕ್ಕೆ ಸಿಗುವ ಬೆಳಕನ್ನು ಲೆಕ್ಕ ಹಾಕುತ್ತೇನೆ. ಆ ಬೆಳಕನ್ನೇ ನೇರವಾಗಿ ಅಳೆಯುವುದು ಕ್ವಾಂಟಮ್ ಸೆನ್ಸರ್. ಬಿಸಿಲಿದ್ದಾಗ ನನ್ನ ಲೆಕ್ಕಕ್ಕೂ ಕ್ವಾಂಟಮ್ ಸೆನ್ಸರ್‌ಗೂ ತಾಳೆಯಾಗುತ್ತಿತ್ತು. ಮೋಡ ದಟ್ಟವಾದರೆ ಲೆಕ್ಕ ಶೇ. 10ರಷ್ಟು ಕಡಿಮೆ ಬರುತ್ತಿತ್ತು. ಪೈರನೋಮೀಟರಿನ ಗಾಜು ಒರೆಸಿದೆ, ಮಟ್ಟ ನೋಡಿದೆ, ಲಕ್ಸ್ ಮೀಟರನ್ನೂ ಇಟ್ಟು ನೋಡಿದೆ. (ಅದು ನಮ್ಮ ಕಣ್ಣಿಗೆ ಮಾಡಿದ್ದು, ಎಲೆಗಲ್ಲ.) ಉಪಯೋಗವಾಗಲಿಲ್ಲ.

ತಪ್ಪಿದ್ದದ್ದು ಲೆಕ್ಕದಲ್ಲಿ ಬಳಸುತ್ತಿದ್ದ 0.45ರಲ್ಲಿ. ಒಟ್ಟು ಬಿಸಿಲಿನಲ್ಲಿ ಗಿಡ ಬಳಸುವ 400–700 ನ್ಯಾನೋಮೀಟರ್ ಬೆಳಕಿನ ಪಾಲು ಯಾವಾಗಲೂ ಅಷ್ಟೇ ಅಂತ ಸುಮ್ನೆ ಹಿಡಿದಿದ್ದೆ. ಮೋಡ ಇನ್‌ಫ್ರಾರೆಡ್ ಅನ್ನೇ ಜಾಸ್ತಿ ಹೀರುತ್ತದೆ, ಹಾಗಾಗಿ ಆ ಪಾಲು ಏರುತ್ತದೆ.

ಈಗ ಮೊದಲು ಪೈರನೋಮೀಟರ್ ಅಳತೆಯ 10 ನಿಮಿಷದ ಸರಾಸರಿ ತೆಗೆಯುತ್ತೇನೆ. ಅದನ್ನು (1361 × ಸೂರ್ಯನ ಎತ್ತರದ ಕೋನದ ಸೈನ್) ಇಂದ ಭಾಗಿಸುತ್ತೇನೆ; 1361 ಅಂದರೆ ವಾತಾವರಣದ ಹೊರಗೆ ಸೂರ್ಯನಿಗೆ ನೇರ ಎದುರಾದ ಚದರ ಮೀಟರಿಗೆ ಬೀಳುವ ವ್ಯಾಟ್, ಹಾಗಾಗಿ ಉತ್ತರ ಆಕಾಶ ಎಷ್ಟು ತಿಳಿಯಾಗಿದೆ ಅಂತ ಹೇಳುತ್ತದೆ. ಉತ್ತರ 0.65 ದಾಟಿದರೆ ಪಾಲು 0.45, 0.3ಕ್ಕಿಂತ ಕೆಳಗಿದ್ದರೆ 0.50; ನಡುವೆ ಇದ್ದರೆ ಪಾಲು ಇವೆರಡರ ನಡುವೆ ನೇರ ಗೆರೆಯಲ್ಲಿ ಬದಲಾಗುತ್ತದೆ. ಕೊನೆಗೆ ಸರಾಸರಿ × ಪಾಲು × 4.57; ಈ 4.57 ವ್ಯಾಟನ್ನು ಮೈಕ್ರೋಮೋಲ್‌ಗೆ (ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳ ಎಣಿಕೆಗೆ) ಬದಲಿಸುತ್ತದೆ. ದಟ್ಟ ಮೋಡದಲ್ಲಿ 200 ವ್ಯಾಟ್‌ಗೆ 411 ಬರುತ್ತಿದ್ದದ್ದು ಈಗ 457 ಮೈಕ್ರೋಮೋಲ್. ಸೂರ್ಯ 10 ಡಿಗ್ರಿಗಿಂತ ಕೆಳಗಿದ್ದರೆ ದಾಖಲೆಯ ಆ ಸಾಲನ್ನೇ ಬಿಟ್ಟುಬಿಡಿ.