ಕೂಡಗಿಯಿಂದ ಶುರುವಾಗುವ ಯುರೇನಿಯಂ ಪಾಠ

ದ್ವಿತೀಯ ಪಿಯುಸಿಯಲ್ಲಿ ನ್ಯೂಕ್ಲಿಯಸ್ ಪಾಠ ಬರುತ್ತದೆ. ಒಂದು ಯುರೇನಿಯಂ-235 ಪರಮಾಣು ಒಡೆದರೆ ಸುಮಾರು 200 ಎಂಇವಿ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಶಕ್ತಿ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವನ್ನೂ ತೆಗೆಯುತ್ತಾರೆ. ಆದರೆ ಅದು ಎಷ್ಟು ಅಂತ ಮನಸ್ಸಿಗೆ ತಟ್ಟುವುದಿಲ್ಲ. ಹಾಗಾಗಿ ವಿಜಯಪುರದ ನನ್ನ ತರಗತಿಯಲ್ಲಿ ಈ ಪಾಠವನ್ನು ಕೂಡಗಿಯಿಂದ ಶುರು ಮಾಡುತ್ತೇನೆ.

ಕೂಡಗಿ ನಮ್ಮ ಜಿಲ್ಲೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಮಕ್ಕಳಿಗೆಲ್ಲ ಗೊತ್ತು. 800 ಮೆಗಾವಾಟ್‌ನ ಮೂರು ಘಟಕ, ಒಟ್ಟು 2,400. ಇಡೀ ದಿನ ಪೂರ್ತಿ ಓಡಿದರೆ 5 ಕೋಟಿ 76 ಲಕ್ಷ ಯೂನಿಟ್. ಯೂನಿಟ್‌ಗೆ 650 ಗ್ರಾಂ ಕಲ್ಲಿದ್ದಲು ಹಿಡಿಯಿರಿ ಅಂದರೆ ದಿನಕ್ಕೆ 37,000 ಟನ್ ದಾಟುತ್ತದೆ. ಗೂಡ್ಸ್ ರೈಲಿನ ಲೆಕ್ಕದಲ್ಲಿ ಹತ್ತರ ಹತ್ತಿರ.

ಆಮೇಲೆ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರ. ಅಲ್ಲಿನ ಒಂದೊಂದು ಘಟಕವೂ 220 ಮೆಗಾವಾಟ್‌ನ ಭಾರಜಲ ರಿಯಾಕ್ಟರ್. ಇಂಧನದ ಒಂದು ಬಂಡಲ್ ಅರ್ಧ ಮೀಟರ್ ಉದ್ದ, ಅದರಲ್ಲಿ 13 ಕೆಜಿಗಿಂತ ಸ್ವಲ್ಪ ಜಾಸ್ತಿ ಯುರೇನಿಯಂ. ರಿಯಾಕ್ಟರ್ ನಿಲ್ಲಿಸದೆಯೇ ಒಂದು ಘಟಕದಲ್ಲಿ ದಿನಕ್ಕೆ ಸುಮಾರು 8 ಬಂಡಲ್ ಬದಲಿಸುತ್ತಾರೆ. ಅಂದರೆ 110 ಕೆಜಿ ಆಸುಪಾಸು. ಕೂಡಗಿಯಷ್ಟೇ ವಿದ್ಯುತ್ ಬೇಕಾದರೆ 1.2 ಟನ್. ಟ್ರ್ಯಾಕ್ಟರ್ ಟ್ರೇಲರ್ ಅರ್ಧವೂ ತುಂಬುವುದಿಲ್ಲ! ಬೋರ್ಡ್ ಮೇಲೆ 37,000 ಪಕ್ಕದಲ್ಲಿ 1.2 ಬರೆದಾಗ ಮಕ್ಕಳ ಕಣ್ಣು ಅಗಲವಾಗುತ್ತದೆ.

ಇಲ್ಲಿಗೇ ಬಿಟ್ಟರೆ ಪಾಠ ಅರ್ಧ. ಆ 1.2 ಟನ್ ಎಲ್ಲಿಂದ ಬಂತು? ಆಂಧ್ರದ ತುಮ್ಮಲಪಲ್ಲಿ ಗಣಿಯ ಅದಿರಿನಲ್ಲಿ ಯುರೇನಿಯಂ ಶೇ 0.04ರ ಹತ್ತಿರ. ಒಂದು ಗ್ರಾಂ ಕೂಡ ಪೋಲಾಗಲಿಲ್ಲ ಅಂದುಕೊಂಡರೂ 3,000 ಟನ್ ಕಲ್ಲು ಅಗೆಯಬೇಕು. ಕೆನಡಾದ ಸಿಗಾರ್ ಲೇಕ್ ಗಣಿಯಲ್ಲಿ ಶೇ 10ಕ್ಕೂ ಜಾಸ್ತಿ. ಅಲ್ಲಿ 12 ಟನ್ ಕೂಡ ಬೇಡ. ಯುರೇನಿಯಂ ಇದೆಯೋ ಇಲ್ಲವೋ ಅನ್ನುವುದಕ್ಕಿಂತ, ಒಂದು ಕೆಜಿಗೆ ಎಷ್ಟು ಕಲ್ಲು ಅನ್ನುವುದೇ ನನ್ನ ಪ್ರಕಾರ ಮುಖ್ಯ ಪ್ರಶ್ನೆ.

ಹಾಗಾದರೆ ಹೊರಗಿನಿಂದಲೇ ತರಬಹುದಲ್ವಾ? ತರುತ್ತೇವೆ. 2008ಕ್ಕೆ ಮೊದಲು ಇಂಧನ ಸಾಲದೆ ನಮ್ಮ ರಿಯಾಕ್ಟರ್‌ಗಳು ಕಡಿಮೆ ಸಾಮರ್ಥ್ಯದಲ್ಲಿ ಓಡುತ್ತಿದ್ದವು. ಆ ವರ್ಷ ಪರಮಾಣು ಪೂರೈಕೆದಾರ ದೇಶಗಳ ಗುಂಪು ತನ್ನ ನಿರ್ಬಂಧದಿಂದ ಭಾರತಕ್ಕೆ ವಿನಾಯಿತಿ ಕೊಟ್ಟ ಮೇಲೆ ಆಮದಿಗೆ ದಾರಿಯಾಯಿತು. ಆದರೆ ಅದನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ರಿಯಾಕ್ಟರ್‌ಗಳಲ್ಲಿ ಮಾತ್ರ ಬಳಸಬಹುದು. ಕೈಗಾದ ಈಗಿನ ನಾಲ್ಕೂ ಘಟಕ ಆ ಪಟ್ಟಿಯಲ್ಲಿಲ್ಲ. 2018ರಲ್ಲಿ ಕೈಗಾದ ಮೊದಲ ಘಟಕ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತಲ್ಲ, ಅದು ನಮ್ಮದೇ ನೆಲದ ಯುರೇನಿಯಂನಿಂದ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೆಮ್ಮೆಯಾಗುತ್ತದೆ.

"ಸರ್, ನಮ್ಮ ಕಡೆ ಸಿಗಂಗಿಲ್ಲೇನ್ರಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಜಯಪುರದ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಅದರ ಆಸೆ ಇಲ್ಲ. ಆದರೆ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ, ಬಾದಾಮಿಯ ಗುಹೆಗಳನ್ನು ಕೊರೆದ ಅದೇ ಜಾತಿಯ ಮರಳುಗಲ್ಲಿನಲ್ಲಿ, ಪರಮಾಣು ಖನಿಜ ನಿರ್ದೇಶನಾಲಯಕ್ಕೆ ಯುರೇನಿಯಂ ಸಿಕ್ಕಿದೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ನಿಕ್ಷೇಪವಿದೆ. ಅಲ್ಲಿ ಊರವರು ಗಣಿಗಾರಿಕೆಯನ್ನು ವಿರೋಧಿಸಿದರು. ಅವರ ನೀರಿನ ಭಯಕ್ಕೆ ಉತ್ತರ ಕೊಡದೆ ಗಣಿ ತೆರೆಯಬಾರದು ಅನ್ನುವವನು ನಾನು.

ಕೊನೆಯ ಲೆಕ್ಕ ಮಕ್ಕಳಿಗೇ ಬಿಡುತ್ತೇನೆ. 2047ಕ್ಕೆ 1 ಲಕ್ಷ ಮೆಗಾವಾಟ್ ಪರಮಾಣು ವಿದ್ಯುತ್ ಸರ್ಕಾರದ ಗುರಿ. ಎಲ್ಲವೂ ಕೈಗಾದಂಥ ರಿಯಾಕ್ಟರ್ ಆದರೆ ವರ್ಷಕ್ಕೆ ಎಷ್ಟು ಯುರೇನಿಯಂ? ಉತ್ತರ 18,000 ಟನ್ ಆಸುಪಾಸು ಬರುತ್ತದೆ. 2022ರಲ್ಲಿ ಇಡೀ ಜಗತ್ತಿನ ಗಣಿಗಳು ತೆಗೆದದ್ದೇ ಸುಮಾರು 49,000 ಟನ್. ಕಲ್ಪಾಕ್ಕಂನಲ್ಲಿ 500 ಮೆಗಾವಾಟ್‌ನ ಬ್ರೀಡರ್ ರಿಯಾಕ್ಟರ್, ಅಂದರೆ ಓಡುತ್ತಲೇ ಹೊಸ ಇಂಧನ ಹುಟ್ಟಿಸುವ ರಿಯಾಕ್ಟರ್, ಯಾಕೆ ಕಟ್ಟಿದರು ಅಂತ ಆಗ ಯಾರೂ ಕೇಳುವುದಿಲ್ಲ. ನಿಸರ್ಗದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇ 0.7 ಮಾತ್ರ, ಉಳಿದದ್ದನ್ನೂ ಇಂಧನ ಮಾಡುವುದು ಹೇಗೆ ಅಂತ ಕೇಳುತ್ತಾರೆ. ಮರುದಿನದ ಪಾಠ ಅಲ್ಲಿಂದ ಶುರು.